ಇಪ್ಪತ್ನಾಲ್ಕರಿಂದ ಮೂವತ್ತರವರೆಗೆ

ಸೋದರತ್ತೆ ತೀರಿಕೊಂಡ ಮೇಲೆ ಅಲೆಂತೇಜು ಸೀಮೆಯ ಒಂದು ಇಳಿಜಾರಿನ ಎಂಬತ್ತು ಚಿಲ್ಲರೆ ಕಾರ್ಕ್ ಮರಗಳು ಲಿಯೊನಿಲ್ದೆಗೂ ಅವಳ ತಮ್ಮ ಅಮಿಲ್ಕರನಿಗೂ ಸಮಪಾಲಾಗಿ ಬಂದವು. ಅಕ್ಕ ಅಂಚೆ ಕಚೇರಿಯಲ್ಲಿ ಮುದ್ರೆ ಒತ್ತುವವಳು. ತಮ್ಮ ಟ್ರ್ಯಾಕ್ಟರ್ ಟೈರುಗಳಿಗೆ ತೇಪೆ ಹಾಕುವವನು. ಮರಗಳ ವಿಷಯದಲ್ಲಿ ಇಬ್ಬರ ತಿಳಿವಳಿಕೆಯೂ ಅಷ್ಟಕ್ಕಷ್ಟೇ. ಒಂಬತ್ತು ವರ್ಷಕ್ಕೊಮ್ಮೆ ಸುಲಿಯುವ ತೊಗಟೆ ಅದು, ಆ ಬೇಸಿಗೆಗೆ ಒಂಬತ್ತು ತುಂಬಿತ್ತು ಎನ್ನುವುದಷ್ಟೇ ಅವರಿಗೆ ಗೊತ್ತಿದ್ದದ್ದು.

ಉತ್ತರದಿಂದ ಬಂದ ವ್ಯಾಪಾರಿ ಮರಗಳ ನಡುವೆ ಒಂದು ಸುತ್ತು ಹಾಕಿ ನೇರವಾಗಿ ಹೇಳಿಬಿಟ್ಟ: ತೊಗಟೆಯ ದಪ್ಪ ಸರಾಸರಿ ಇಪ್ಪತ್ತೇಳು ಮಿಲಿಮೀಟರ್ ಇದ್ದರೆ ವೈನ್ ಬಾಟಲಿಯ ಬಿರಡೆಗೆ ಕೊಳ್ಳುತ್ತೇನೆ. ಅದಕ್ಕಿಂತ ತೆಳುವಾದರೆ ಪುಡಿಮಾಡಿ ನೆಲಹಾಸು ಮಾಡುವವರಿಗೆ ಪುಡಿಗಾಸಿಗೆ ಸುರಿಯುವುದೊಂದೇ ದಾರಿ. ಒಮ್ಮೆ ಸುಲಿದರೆ ಮತ್ತೆ ಒಂಬತ್ತು ವರ್ಷ ಬಾಯಿ ಮುಚ್ಚಿಕೊಂಡಿರಬೇಕು.

ಸುಲಿಯುವ ಆಳುಗಳ ಮುಖ್ಯಸ್ಥ ಕುಸ್ತೋಡಿಯೊ ಮೇಸ್ತ್ರಿ ಕೊಡಲಿಯ ಹಿಡಿಯಿಂದ ಕಾಂಡಗಳನ್ನು ತಟ್ಟಿ, ತಲೆ ಓರೆ ಮಾಡಿ ಆಲಿಸಿದ. "ಅಷ್ಟು ದಪ್ಪ ಆಗಿದೆ ಅನ್ಸುತ್ತೆ. ಆದ್ರೆ ನನ್ನ ಕಿವಿ ಒಂದು ಮರಕ್ಕೆ ಸರಿ ಕಣಮ್ಮ, ಇಷ್ಟೊಂದು ಮರಕ್ಕೆ ಆಣೆ ಮಾಡಲ್ಲ. ತುಂಡು ಕೊಯ್ದು ನೋಡೋಣ."

ತುಂಡು ಎಂದರೆ ಅಂಗೈಯಗಲದ ಚೌಕ. ಕೊಯ್ದ ಕಡೆ ಮರಕ್ಕೆ ಗಾಯ. ಅತ್ತೆ ಬದುಕಿದ್ದಾಗ ಒಂದು ಗೀರು ಬಿದ್ದರೂ ಊರು ಕೇಳುವಂತೆ ಬೈಯುತ್ತಿದ್ದಳು. ಅದನ್ನು ನೆನೆದು ಲಿಯೊನಿಲ್ದೆ, "ಆರೇ ಆರು, ಅದಕ್ಕಿಂತ ಒಂದೂ ಹೆಚ್ಚು ಬೇಡ" ಎಂದಳು. ಅಮಿಲ್ಕರ್ ರಸ್ತೆ ಬದಿಯ ದಪ್ಪ ಮರಗಳನ್ನೇ ತೋರಿಸತೊಡಗಿದಾಗ ಮೇಸ್ತ್ರಿ ನಕ್ಕ. "ಮದುವೆ ಹೆಣ್ಣು ತೋರಿಸ್ತಿದೀಯೇನಪ್ಪ?" ಎಂದವನೇ ಮರಗಳಿಗೆ ಸೀಮೆಸುಣ್ಣದಿಂದ ನಂಬರು ಹಾಕಿಸಿ, ಊರ ಕ್ಲಬ್ಬಿನ ಲೋಟೊ ಆಟದ ಚೀಲದಿಂದ ನಂಬರಿನ ಆರು ಬಿಲ್ಲೆ ಎತ್ತಿಸಿದ. ಕೊಯ್ದು ಅಳೆದರೆ ಬಂದದ್ದು: ಇಪ್ಪತ್ತೊಂಬತ್ತು, ಇಪ್ಪತ್ನಾಲ್ಕು, ಮೂವತ್ತೊಂದು, ಇಪ್ಪತ್ತಾರು, ಇಪ್ಪತ್ತೆಂಟು, ಮತ್ತೆ ಇಪ್ಪತ್ನಾಲ್ಕು.

"ಸರಾಸರಿ ಇಪ್ಪತ್ತೇಳು!" ಅಮಿಲ್ಕರ್ ಟೋಪಿ ಮೇಲಕ್ಕೆಸೆದ. "ದೇವರೇ ಅಳತೆ ಹಿಡಿದು ಕೊಟ್ಟ ಹಾಗಿದೆ. ಸೋಮವಾರದಿಂದ ಸುಲಿಯೋಣ."

ಲಿಯೊನಿಲ್ದೆಗೆ ಮಾತ್ರ ಮನಸ್ಸು ಕುದುರಲಿಲ್ಲ. ಯಾಕೆಂದು ಕೇಳಿದ್ದರೆ ಹೇಳಲು ಬರುತ್ತಿರಲಿಲ್ಲ. ಮರುದಿನ ಬ್ರೆಡ್ ಅಂಗಡಿಯಲ್ಲಿ ಎರ್ಮೆಲಿಂದಾ ಟೀಚರ್ ಸಿಕ್ಕಿದರು. ಶಾಲೆಯಲ್ಲಿ ಲೆಕ್ಕ ಕಲಿಸಿದವರು, ಇವಳನ್ನು ಎರಡು ಸಲ ಫೇಲು ಮಾಡಿದವರು. ಈಗ ನಿವೃತ್ತರಾಗಿ ಗುಲಾಬಿ ಗಿಡಗಳ ಮೇಲೆ ಸಿಡುಕುತ್ತಿದ್ದರು. ಅವರನ್ನು ಕಂಡರೆ ಲಿಯೊನಿಲ್ದೆ ಇಂದಿಗೂ ರಸ್ತೆಯ ಆಚೆ ಬದಿಗೆ ಸರಿಯುತ್ತಿದ್ದಳು. ಆದರೂ ಧೈರ್ಯ ಮಾಡಿ ಆರು ಅಂಕಿಗಳನ್ನು ಒಪ್ಪಿಸಿದಳು.

"ಮರ ಆರಿಸಿದ್ಯಾರು?"

"ಯಾರೂ ಅಲ್ಲ ಟೀಚರ್. ಲೋಟೊ ಚೀಲ."

"ಸದ್ಯ, ಅಷ್ಟಾದ್ರೂ ಬುದ್ಧಿ ಇತ್ತಲ್ಲ. ಬಾ, ಕೂತ್ಕೋ." ಟೀಚರ್ ಅಂಗಡಿಯ ಮೇಜಿನ ಮೇಲೆ ಬ್ರೆಡ್ ಸುತ್ತುವ ಕಾಗದ ಹರಡಿ ಪೆನ್ಸಿಲನ್ನು ಇವಳ ಕೈಗೇ ಕೊಟ್ಟರು. "ನಾನು ಮಾಡಲ್ಲ. ನೀನೇ ಮಾಡು."

ಒಂದೊಂದು ಮರವೂ ಇಪ್ಪತ್ತೇಳರಿಂದ ಎಷ್ಟು ದೂರ? ಆ ದೂರಗಳನ್ನು ಅವುಗಳಿಂದಲೇ ಗುಣಿಸಿ ಕೂಡಿದಾಗ ನಲವತ್ತು ಬಂತು. "ಐದರಿಂದ ಭಾಗಿಸು. ಆರರಿಂದ ಅಲ್ಲ, ಸರಾಸರಿಯನ್ನ ಈ ಆರರಿಂದಲೇ ಕಡ ತಂದಿದ್ದೀವಲ್ಲ, ಅದಕ್ಕೆ ಒಂದು ಬಿಟ್ಟುಕೊಡಬೇಕು." ಎಂಟು. ಅದರ ವರ್ಗಮೂಲ ಎರಡು ಮುಕ್ಕಾಲಿನ ಮೇಲೆ ಚೂರು: ಒಂದು ಮರಕ್ಕೂ ಇನ್ನೊಂದಕ್ಕೂ ಸಾಮಾನ್ಯವಾಗಿ ಇರುವ ಏರುಪೇರು. ಅದನ್ನು ಆರರ ವರ್ಗಮೂಲದಿಂದ ಭಾಗಿಸಿದರೆ ಒಂದಕ್ಕಿಂತ ತುಸು ಹೆಚ್ಚು. ಸರಾಸರಿ ಅಲ್ಲಾಡುವುದು ಅಷ್ಟು.

"ಈಗ ಇದನ್ನ ಎರಡೂವರೆಗಿಂತ ಚೂರು ಹೆಚ್ಚಿಂದ ಗುಣಿಸು."

"ಅದೆಲ್ಲಿಂದ ಬಂತು ಟೀಚರ್?"

"ಅದು ದಂಡ! ಸಾವಿರ ಮರ ನೋಡಿದ್ರೆ ಎರಡರಿಂದ ಗುಣಿಸಿದ್ರೆ ಸಾಕಿತ್ತು. ಆರೇ ಮರ ನೋಡಿ ಕಾಡಿನ ಮಾತಾಡೋರು ಸ್ವಲ್ಪ ಜಾಸ್ತಿ ತೆರಬೇಕು."

ಮೂರು ಬಂತು. ಅವಳು ಕಾಗದದ ಮೇಲೆ ಒಂದು ಗೆರೆ ಎಳೆದಳು: ಇಪ್ಪತ್ತೇಳರಿಂದ ಮೂರು ಕೆಳಗೆ, ಮೂರು ಮೇಲೆ. ಎಲ್ಲ ಮರಗಳ ನಿಜವಾದ ಸರಾಸರಿ ಇಪ್ಪತ್ನಾಲ್ಕೂ ಇರಬಹುದು, ಮೂವತ್ತೂ ಇರಬಹುದು.

"ಇದರಾಚೆಗೆ ಇರಲ್ಲ ಅಂತ ಗ್ಯಾರಂಟಿನಾ?"

"ಗ್ಯಾರಂಟಿ ಕೇಳಕ್ಕೆ ಇದೇನು ಟೈರಾ? ಹೀಗೇ ನೂರು ಜನ ಚೀಟಿ ಎತ್ತಿ ಆರಾರು ಮರ ನೋಡಿ ಗೆರೆ ಎಳೆದರೆ, ತೊಂಬತ್ತೈದು ಜನರ ಗೆರೆಯೊಳಗೆ ನಿಜ ಸಿಕ್ಕಿರುತ್ತೆ. ನೀನು ಉಳಿದ ಐವರಲ್ಲಿ ಒಬ್ಬಳಾಗಿದ್ರೂ ಆಗಿರಬಹುದು. ಕಾಯಿ ಅಂತಲೂ ನಾನು ಹೇಳ್ತಿಲ್ಲ, ಸುಲಿ ಅಂತಲೂ ಹೇಳ್ತಿಲ್ಲ. ನಿನಗೆ ಎಷ್ಟು ಗೊತ್ತಿಲ್ಲ ಅನ್ನೋದನ್ನ ಅಳೆದುಕೊಟ್ಟೆ, ಅಷ್ಟೆ."

ಲಿಯೊನಿಲ್ದೆ ಆ ಕಾಗದವನ್ನು ಮಡಿಚಿ ಜೇಬಿಗಿಟ್ಟಳು. ತನ್ನ ಅನುಮಾನಕ್ಕೂ ಒಂದು ಅಳತೆಯಿದೆ, ಅದು ಹೆಂಗಸಿನ ಅಳುಕಲ್ಲ ಎಂದು ಆವರೆಗೆ ಅವಳಿಗೆ ಯಾರೂ ಹೇಳಿರಲಿಲ್ಲ.

ಸಂಜೆ ಮರದಡಿ ಅಮಿಲ್ಕರ್ ಕೂಗಾಡಿದ. "ಅನ್ನ ಬೆಂದಿದ್ಯಾ ಅಂತ ನೋಡಕ್ಕೆ ಒಂದಗುಳು ಸಾಕು! ನಾವು ಆರು ನೋಡಿದೀವಿ!"

ಜೊತೆಗೆ ಬಂದಿದ್ದ ಟೀಚರ್ ಕಲ್ಲಿನ ಮೇಲೆ ಕೂತೇ ಉತ್ತರ ಕೊಟ್ಟರು. "ಅನ್ನ ಒಂದೇ ಪಾತ್ರೆಯಲ್ಲಿ ಬೇಯುತ್ತೆ ಮಾರಾಯ. ಈ ಮರಗಳು ಒಂದೊಂದೂ ಒಂದೊಂದು ಒಲೆ ಮೇಲಿವೆ. ಅಂತರ ಕಿರಿದಾಗಬೇಕಾದ್ರೆ ಇನ್ನೂ ಹನ್ನೆರಡು ತುಂಡು ಕೊಯ್ಯಿ."

"ಇನ್ನೊಂದು ಗಾಯಾನೂ ಬೇಡ" ಎಂದಳು ಲಿಯೊನಿಲ್ದೆ. ಆಮೇಲೆ ಮೇಸ್ತ್ರಿಯ ಕಡೆ ತಿರುಗಿದಳು. "ಒಂದು ವರ್ಷಕ್ಕೆ ತೊಗಟೆ ಎಷ್ಟು ಬೆಳೆಯುತ್ತೆ?"

"ಮಳೆ ಕೈ ಕೊಡದಿದ್ರೆ ಮೂರು ಮಿಲಿಮೀಟರ್."

"ಹಾಗಾದ್ರೆ ಬರೋ ವರ್ಷ ತೀರಾ ಕಡಿಮೆ ಅಂದ್ರೂ ಇಪ್ಪತ್ತೇಳು ಮುಟ್ಟುತ್ತೆ. ಕಾಯೋಣ."

ಅಮಿಲ್ಕರ್ ಟೋಪಿಯನ್ನು ನೆಲಕ್ಕೆ ಬಡಿದ. ಮೇಸ್ತ್ರಿ ಮೊಣಕಾಲು ಸವರಿಕೊಂಡ. "ನಾನು ಇದೇ ಕೊನೆ ವರ್ಷ ಅಂದ್ಕೊಂಡಿದ್ದೆ. ಮುಂದಿನ ಬೇಸಿಗೆಗೆ ಈ ಕಾಲುಗಳು ಏನಂತಾವೋ. ಕಲಿಯದ ಕೈಗೆ ಕೊಡಲಿ ಕೊಟ್ಟರೆ ಮರ ಸಾಯುತ್ತಮ್ಮ." ಲಿಯೊನಿಲ್ದೆ ಟೀಚರ್ ಕಡೆ ನೋಡಿದಳು. ಆ ಲೆಕ್ಕ ಟೀಚರಿಗೂ ಬರುತ್ತಿರಲಿಲ್ಲ.

ಆ ವರ್ಷವಿಡೀ ತಮ್ಮ ಸರಿಯಾಗಿ ಮಾತಾಡಲಿಲ್ಲ. ಚಳಿಗಾಲದಲ್ಲಿ ಮಳೆ ಹದವಾಗಿ ಬಂತು. ಜೂನ್ ತಿಂಗಳ ಒಂದು ಬೆಳಗ್ಗೆ ಬೇಲಿ ಬಳಿ ಬೈಕುಗಳ ಸದ್ದಾಯಿತು. ಕುಸ್ತೋಡಿಯೊ ಮೇಸ್ತ್ರಿ ಎರಡೂ ಮೊಣಕಾಲಿಗೆ ಪಟ್ಟಿ ಬಿಗಿದುಕೊಂಡು, ನಾಲ್ಕು ಜನ ಆಳುಗಳೊಂದಿಗೆ ಬಂದಿದ್ದ. ದೊಡ್ಡ ತೋಟದವರು ಹೇಳಿಕಳಿಸಿದ್ದ ಕೆಲಸ ಬಿಟ್ಟು ಬಂದಿದ್ದಾನೆಂದು ಆಳುಗಳಲ್ಲೊಬ್ಬ ಪಿಸುಗುಟ್ಟಿದ.

"ಯಾಕೆ ಬಂದ್ರಿ ಮೇಸ್ತ್ರಿ?" ಲಿಯೊನಿಲ್ದೆ ಬೇಲಿಯತ್ತ ಓಡಿಬಂದಳು.

"ನಿಮ್ಮತ್ತೆ ಮರಗಳು ಕಣಮ್ಮ. ಹಿಂದಿನ ನಾಲ್ಕು ಸಲಾನೂ ನಾನೇ ಸುಲಿದಿದ್ದು. ಬೇರೆಯವರು ಮುಟ್ಟಿದ್ರೆ ನಿದ್ದೆ ಬರುತ್ತಾ ನಂಗೆ?"

ಕೊಡಲಿಯ ಏಟು ಬಿದ್ದಲ್ಲೆಲ್ಲ ತೊಗಟೆ ಒದ್ದೆ ಬಟ್ಟೆಯ ಹಾಗೆ ಸರಕ್ಕನೆ ಬಿಟ್ಟುಕೊಂಡಿತು. ಎಲ್ಲ ಸುಲಿದ ಮೇಲೆ ವ್ಯಾಪಾರಿ ಅಳೆದಾಗ ಸರಾಸರಿ ಇಪ್ಪತ್ತೆಂಟೂವರೆ. ಅಮಿಲ್ಕರ್ ಬೆರಳು ಮಡಿಚಿ ಲೆಕ್ಕ ಹಾಕಿದ. ಒಂದು ವರ್ಷದ ಬೆಳವಣಿಗೆ ಮೂರು ಕಳೆದರೆ ಹೋದ ವರ್ಷ ಇಪ್ಪತ್ತೈದೂವರೆ ಇದ್ದಿರಬೇಕು: ಅಕ್ಕನ ಗೆರೆಯ ಒಳಗೆ, ಬಿರಡೆಯ ಅಳತೆಗೆ ಕೆಳಗೆ. ಆಮೇಲೆ ಮರದಡಿಯ ಊಟಕ್ಕೆ ಕರೆಸಿದ್ದ ಟೀಚರ ಮುಂದೆ ಬಂದು, ಬೆಳ್ಳುಳ್ಳಿ ಕೊತ್ತಂಬರಿ ಅರೆದ ಬಿಸಿ ಸಾರಿಗೆ ಬ್ರೆಡ್ ಮುರಿದು ಹಾಕಿ, ಮೇಲೊಂದು ಮೊಟ್ಟೆ ಇಟ್ಟು, ಅವರ ಬಟ್ಟಲು ತುಂಬಿಸಿದ.

"ನಿಮ್ಮಿಂದ ಉಳಿದ್ವಿ ಟೀಚರ್" ಎಂದಳು ಲಿಯೊನಿಲ್ದೆ.

"ಸುಳ್ಳು ಹೊಗಳಬೇಡ. ಹೋದ ವರ್ಷವೇ ಮೂವತ್ತು ಇದ್ದಿದ್ರೆ ಒಂದು ವರ್ಷ ಸುಮ್ನೆ ಕೂರಿಸಿದ್ಲು ಮುದುಕಿ ಅಂತ ಈಗ ಬೈತಿದ್ರಿ. ಮಳೆ ತಂದಿದ್ದೂ ನಾನಲ್ಲ, ಮೇಸ್ತ್ರಿ ಕಾಲು ನಿಲ್ಲಿಸಿದ್ದೂ ನಾನಲ್ಲ."

"ಇರಲಿ. ಅವರಿಗೆಲ್ಲ ಬೇರೆಬೇರೆ ಥ್ಯಾಂಕ್ಸ್ ಹೇಳ್ತೀನಿ. ಪೆನ್ಸಿಲ್ ನನ್ನ ಕೈಗೆ ಕೊಟ್ರಲ್ಲ, ಅದಕ್ಕೆ ನಿಮಗೆ."

ಟೀಚರ್ ಬಟ್ಟಲಿನೊಳಗೆ ಮುಖ ತಗ್ಗಿಸಿ, ಸಾರಿಗೆ ಉಪ್ಪು ಕಮ್ಮಿ ಎಂದು ಗೊಣಗಿದರು. ಅವರ ಕಿವಿ ಕೆಂಪಾಗಿತ್ತು.

ಲಿಯೊನಿಲ್ದೆ ಎದ್ದು ಹತ್ತಿರದ ಮರದ ಬಳಿ ಹೋದಳು. ಹೊಸದಾಗಿ ಸುಲಿದ ಕಾಂಡ ಇಟ್ಟಿಗೆಯ ಬಣ್ಣಕ್ಕೆ ತಿರುಗುತ್ತಿತ್ತು. ಮುಟ್ಟಬಾರದೆಂದು ಮೇಸ್ತ್ರಿ ಹೇಳಿದ್ದ, ಅದಕ್ಕೇ ಮುಟ್ಟಲಿಲ್ಲ. ಅಂಗೈಯನ್ನು ಹತ್ತಿರ ಹಿಡಿದು ಸ್ವಲ್ಪ ಹೊತ್ತು ನಿಂತಳು. ಅಷ್ಟು ಸುಡುಬಿಸಿಲಲ್ಲೂ ಒಳಗಿನಿಂದ ತಂಪು ಬರುತ್ತಿತ್ತು.