ಚಿಲಕದ ಕೊಂಡಿ

"ಮುಚ್ಚಳ ಕೆಳಗಿಡು ಪುವಾತಿ."

ಸುತ್ತಿಗೆ ಎತ್ತಿದ್ದ ಬಡಗಿ ಪುವಾತಿ ಹಾಗೇ ನಿಂತ. ಕೂಗಿದವಳು ಸತ್ತವನ ಅಕ್ಕ ಫೆಂಬಾ. ಅವಳು ಅಂಗಳದ ಸಫು ಮರದ ಬುಡದಲ್ಲಿ ಮನೆಗೆ ಬೆನ್ನು ಹಾಕಿ ಕೂತಿದ್ದಳು. ಊರೆಲ್ಲ ಒಳಗೆ ಬಂದು ಮಬಿಯಾಲನ ಮುಖ ನೋಡಿ ಹೋಗಿತ್ತು. ನೋಡದೆ ಉಳಿದವಳು ಅವಳೊಬ್ಬಳೇ.

"ಬಿಸಿಲು ಏರ್ತಾ ಇದೆ ಅಕ್ಕ. ಇನ್ನು ಇಟ್ಕೊಳ್ಳೋಕಾಗಲ್ಲ."

"ಮುಖ ತೊಳೀದೆ ಮಣ್ಣು ಮಾಡ್ತೀಯಾ? ಅವನಿಗೇನು ಹಿಂದುಮುಂದು ಇಲ್ವಾ?"

"ಹಾಗಾದ್ರೆ ಬಂದು ತೊಳೀರಿ. ಬೇಡ ಅಂದೋರು ಯಾರು?"

ಫೆಂಬಾ ಮರದ ಕಡೆಗೆ ಇನ್ನಷ್ಟು ತಿರುಗಿ ಕೂತಳು. ಸತ್ತವನ ಮುಖವನ್ನು ಒಂದೇ ತಾಯಿಯ ಹೊಟ್ಟೆಯಲ್ಲಿ ಹುಟ್ಟಿದ ಹೆಣ್ಣು ತೊಳೆಯಬೇಕು, ಹೆಂಡತಿ ಮುಟ್ಟುವಂತಿಲ್ಲ. ತೊಳೆಯದ ಮುಖ ಹೊತ್ತು ಹೋದವನನ್ನು ಆಚೆ ದಡದ ಹಿರಿಯರು ಗುರುತಿಸುವುದಿಲ್ಲ. ಇದ್ದವಳು ಅಕ್ಕ ಒಬ್ಬಳು, ಅವಳು ತಮ್ಮನ ಮುಖ ನೋಡುವುದಿಲ್ಲವೆಂದು ಆಣೆ ಮಾಡಿದವಳು. ಊರಿನ ಕೋಳಿಗೂ ಗೊತ್ತಿದ್ದ ಸಂಗತಿ ಇದು.

ಅಷ್ಟರಲ್ಲಿ ಅವಳ ಮಗ ಲುಬಾಕಿ ಹಿತ್ತಲಿಂದ ಬಂದ. ಸೋದರಮಾವನ ಮನೆಗೆ ಇನ್ನು ಅವನೇ ಹಕ್ಕುದಾರ, ಗಡ್ಡ ನರೆಯುತ್ತಿರುವ ಮನುಷ್ಯ.

"ಅತ್ತೆ, ಕೊಟ್ಟಿಗೆ ಗುಡಿಸಿಟ್ಟ ಹಾಗಿದೆ. ಮಾವನ ನ್ಕಿಸಿ ಬೊಂಬೆ ಒಂದೂ ಇಲ್ಲ."

ಚಾಪೆಯ ಮೇಲೆ ಕೂತಿದ್ದ ವಿಧವೆ ಮಲೊಂಡ ತಲೆ ಎತ್ತಿದಳು. "ಸಾಯೋ ಮುಂಚೆ ಎಲ್ಲಾನೂ ಲಾರಿಗೆ ಹೇರಿಸ್ಕೊಂಡು ಮಟಾಡಿ ಪಟ್ಟಣಕ್ಕೆ ಹೋಗಿದ್ರು."

"ದುಡ್ಡು?"

"ಬರಿಗೈಲಿ ಬಂದು ಮಲಗಿದೋರು ಏಳಲೇ ಇಲ್ಲ. ಎಚ್ಚರ ಆದಾಗೆಲ್ಲ ಒಂದೇ ಮಾತು, ಲಾರಿ ಬಂತಾ, ಲಾರಿ ಬಂತಾ."

"ಸಿಮೆಂಟಿಗೆ ಹೇಳಿದ್ದನೇನೋ," ಎಂದಳು ಒಬ್ಬ ಮುದುಕಿ.

"ಸಾಯೋನಿಗೆ ಸಿಮೆಂಟ್ ಯಾಕಮ್ಮ? ಯಾವಳಿಗೋ ಕೊಟ್ಟಿರ್ತಾನೆ," ಎಂದಳು ಇನ್ನೊಬ್ಬಳು. ಸಾವಿನ ಮನೆಯಲ್ಲೂ ನಾಲ್ಕು ಜನ ನಕ್ಕರು.

ಫೆಂಬಾ ನಗಲಿಲ್ಲ. ಮರದ ಕಡೆಗೇ ಮುಖ ಮಾಡಿ, "ಹಾಗಾದ್ರೆ ಹುಡುಕೋದು ಬಿಟ್ಟುಬಿಟ್ಟ," ಎಂದಳು. ಕರುಳಿನಿಂದ ಬಂದ ಮಾತು ಅದು.

*

ಲುಬಾಕಿ ಇನ್ನೂ ಎದೆಹಾಲು ಕುಡಿಯುತ್ತಿದ್ದ ಕಾಲ. ಅಕ್ಕತಮ್ಮನ ಅವ್ವ ಜ್ವರ ಬಂದು ಮಲಗಿದ್ದಳು. ಊರ ಮದ್ದೇ ಸಾಕೆಂದು ಫೆಂಬಾ, ಮಿಷನ್ ಆಸ್ಪತ್ರೆಯೇ ಆಗಬೇಕೆಂದು ಮಬಿಯಾಲ. ಎಳೆದಾಡಿ ಎಳೆದಾಡಿ ಕೊನೆಗೆ ಅವನು ಅವ್ವನನ್ನು ಜೋಲಿಗೆ ಹಾಕಿ ಹೊರಿಸಿಕೊಂಡು ಹೋದ. ಅವ್ವ ದಾರಿಯಲ್ಲೇ ಹೋಗಿಬಿಟ್ಟಳು.

"ಹೊತ್ಕೊಂಡು ಹೋಗಿ ಕೊಂದೆ," ಎಂದಳು ಅಕ್ಕ.

"ತಡ ಮಾಡಿ ಕೊಂದೋಳು ನೀನು," ಎಂದ ತಮ್ಮ.

ಇಬ್ಬರೂ ಊರ ನ್ಕಿಸಿಯ ಮುಂದೆ ಹೋಗಿ ನಿಂತರು. ಮೈತುಂಬ ಮೊಳೆ ಹೊಡೆಸಿಕೊಂಡ, ಹೊಟ್ಟೆಗೆ ಕನ್ನಡಿ ಕೂರಿಸಿದ ಮರದ ಆಳು ಅದು, ಎತ್ತಿದ ಕೈ ಇಳಿಸದ್ದು. ಹೊಡೆದವರ ಎಂಜಲು ತಾಗಿದ ಒಂದೊಂದು ಮೊಳೆಯೂ ಒಂದೊಂದು ಆಣೆ. ಅಕ್ಕನ ಮುಖ ನೋಡುವುದಿಲ್ಲವೆಂದು ಮಬಿಯಾಲ ಮೊಳೆ ನೆಕ್ಕಿ ಹೊಡೆದ. ಫೆಂಬಾಳಿಗೆ ಮೊಳೆ ಹುಡುಕುವಷ್ಟು ತಾಳ್ಮೆ ಎಲ್ಲಿತ್ತು? ಮನೆಗೆ ಓಡಿ ಬಾಗಿಲ ಚಿಲಕದ ಕೊಂಡಿಯನ್ನೇ ಕಿತ್ತು ತಂದಳು, ತುದಿ ಚೂಪು, ತಲೆ ಬಳೆಯ ಹಾಗೆ ದುಂಡು. ನೆಕ್ಕಿ, ಎದೆಗೇ ಬಡಿದಳು. "ಇವನ ಮುಖ ನಾನು ನೋಡಿದ್ರೆ ನನ್ನ ಮಗನ್ನ ಹಿಡಿ."

ಸಿಟ್ಟಿಗೇನು, ಇಳಿಯುತ್ತದೆ. ಮಳೆಗಾಲ ಮುಗಿಯುವುದರೊಳಗೆ ಇಬ್ಬರದೂ ಇಳಿದಿತ್ತು. ಹೊಡೆದವರೇ ತಮ್ಮ ಕೈಯಾರೆ ಕಿತ್ತರೆ ಆಣೆ ಕಳೆಯುತ್ತದೆ ಎಂದರು ಹಿರಿಯರು. ಕೀಳಲು ಹೋದರೆ ನ್ಕಿಸಿ ಇಟ್ಟಿದ್ದ ಗುಡಿಸಲು ಖಾಲಿ. ಕಾಯುವ ಮುದುಕ ನ್ಕಿಸಿಯನ್ನು ಯಾವುದೋ ವ್ಯಾಪಾರಿಗೆ ಮಾರಿ ಹೆಂಡ ಕುಡಿದಿದ್ದ.

ಮಬಿಯಾಲ ಸೈಕಲ್ ಹತ್ತಿದ್ದು ಆವತ್ತು. ಊರೂರು ಸುತ್ತಿ ನ್ಕಿಸಿ ಕೊಂಡ, ಬದಲು ಮಾಡಿದ, ಹೊಟ್ಟೆಪಾಡಿಗೆ ಒಂದೆರಡು ಮಾರಿದ. ಊರು ಅವನನ್ನು ಬೊಂಬೆ ವ್ಯಾಪಾರಿ ಎಂದಿತು. ಊರ ನ್ಕಿಸಿಯ ಹಾಗೆ ಕಾಣುವಂಥದ್ದು ಸಿಕ್ಕಾಗೆಲ್ಲ ಲುಬಾಕಿಯ ಕೈಲಿ ಅಕ್ಕನ ಅಂಗಳಕ್ಕೆ ಕಳಿಸುತ್ತಿದ್ದ. ಅವಳು ಅದರ ಎದೆ ತಡವಿ ನೋಡಿ, "ಇದಲ್ಲ ಅನ್ನು," ಎಂದು ಹಿಂದಕ್ಕೆ ಕಳಿಸುತ್ತಿದ್ದಳು, ಜೊತೆಗೆ ಒಂದು ಮರಗೆಣಸಿನ ಕಡುಬು.

ಹೊಳೆಯ ದಾರಿಯಲ್ಲಿ ಎದುರಾದರೆ ಒಬ್ಬರು ತಿರುಗಿ ನಿಲ್ಲುತ್ತಿದ್ದರು, ಇನ್ನೊಬ್ಬರು ದಾಟಿ ಹೋಗುತ್ತಿದ್ದರು. ಅವನ ಕತ್ತಿನ ಕೂದಲು ಬೆಳ್ಳಗಾದದ್ದು, ಬೆನ್ನು ಬಾಗಿದ್ದು ಅವಳಿಗೆ ಗೊತ್ತು. ಮುಂದಣ ಮುಖ ಗೊತ್ತಿಲ್ಲ. ಅವಳ ಮನೆಯ ಬಾಗಿಲಿಗೂ ಆವತ್ತಿಂದ ಹಗ್ಗವೇ ಚಿಲಕ.

*

ಲಾರಿಯ ಸದ್ದು ಮೊದಲು ಕೇಳಿದ್ದು ಮಲೊಂಡಳಿಗೆ.

ಇಳಿದವನು ಮಾವಾಂಡ, ಮಟಾಡಿಯ ಹಳೇ ಸಾಮಾನಿನ ವ್ಯಾಪಾರಿ. ಅಂಗಳದ ಜನ ನೋಡಿ ಅವನ ಮುಖ ಇಳಿಯಿತು. "ದಾರೀಲಿ ಅಚ್ಚು ಮುರೀತು," ಎಂದ. "ಯಜಮಾನ್ರಿಗೆ ಮೊದಲ ಲಾರಿಗೇ ಕಳಿಸ್ತೀನಿ ಅಂದಿದ್ದೆ."

ಆಳುಗಳು ಗೋಣಿ ಸುತ್ತಿದ ಭಾರದ ವಸ್ತುವೊಂದನ್ನು ಸಫು ಮರದ ಕೆಳಗೆ ಇಳಿಸಿದರು.

"ಎಲ್ಲಾ ಕೊಟ್ಟು ಇದೊಂದು ತಗೊಂಡ್ನಾ?" ಎಂದ ಲುಬಾಕಿ.

"ನನ್ನ ಉಗ್ರಾಣದ ಮೂಲೇಲಿತ್ತು. ಕಂಡ ಕೂಡ್ಲೇ ನೆಲದ ಮೇಲೆ ಕೂತುಬಿಟ್ರು. ನಾನೂ ವ್ಯಾಪಾರಿನೇ ಅಲ್ವಾ, ನಿಮ್ಮ ಹತ್ರ ಇರೋದೆಲ್ಲ ತನ್ನಿ ಅಂದೆ. ತಂದು ಸುರಿದ್ರು. ಆಮೇಲೆ ಒಂದು ಮೊಳೆ ಕಿತ್ತು ಜೇಬಿಗೆ ಹಾಕ್ಕೊಂಡ್ರು. ಮೊಳೆ ಕಿತ್ರೆ ಬೆಲೆ ಬಿದ್ದೋಗತ್ತೆ ಅಂದ್ರೆ ನಗ್ತಾರೆ. ಪಕ್ಕದಲ್ಲೇ ಒಂದು ಕೊಂಡಿ ಇತ್ತು, ಅದನ್ನೂ ಕೀಳಿ ಮತ್ತೆ ಅಂದೆ. ಅದು ನಂದಲ್ಲಪ್ಪ, ಅದರ ಯಜಮಾನಿ ಊರಲ್ಲಿದ್ದಾಳೆ ಅಂದ್ರು."

ಫೆಂಬಾ ಅಷ್ಟು ಹೊತ್ತಿಗೆ ಗೋಣಿಯ ಹಗ್ಗಕ್ಕೆ ಕೈ ಹಾಕಿದ್ದಳು. ಎದೆಯ ನಡುವೆ ಹೊಸದಾಗಿ ಬಿದ್ದ ತೂತು. ಅದರ ಮಗ್ಗುಲಲ್ಲಿ ತುಕ್ಕು ಹಿಡಿದ ದುಂಡು ತಲೆ.

"ನನ್ನ ಬಾಗಿಲಿಂದು," ಎಂದಳು.

ಬೆರಳು ತೂರಿಸಿ ಎಳೆದಳು. ಅದು ಮಿಸುಕಲಿಲ್ಲ. ಪುವಾತಿ ಇಕ್ಕಳ ಹಿಡಿದು ಬಗ್ಗಿದ. "ನಾನು ಕೀಳ್ತೀನಿ ತಾಳಿ."

"ಇಕ್ಕಳ ಕೊಡು. ಕೈ ನಂದೇ ಇರಲಿ."

ಮುದುಕಿ ನ್ಕಿಸಿಯ ಮಂಡಿಗೆ ಕಾಲು ಕೊಟ್ಟು ಎಳೆದಳು. ಬಲಕ್ಕೆ ತಿರುವಿದಳು, ಎಡಕ್ಕೆ ತಿರುವಿದಳು. "ಬಾರೋ," ಎಂದು ಬೈದಳು, ಆಮೇಲೆ "ಬಾರಪ್ಪ," ಎಂದು ಬೇಡಿಕೊಂಡಳು. ಕೊಂಡಿ ಕಿರ್ರೆಂದು ಕಿತ್ತು ಬಂದಾಗ ಅವಳು ಹಿಂದಕ್ಕೆ ಬಿದ್ದಳು, ಲುಬಾಕಿ ಹಿಡಿದುಕೊಂಡ. ಅವಳು ಮೊದಲು ಮಗನ ಮುಖವನ್ನು ಎರಡೂ ಕೈಯಿಂದ ಸವರಿ ನೋಡಿದಳು.

ಆಮೇಲೆ ಬಾಗಿಲ ಕಡೆ ತಿರುಗಿದಳು.

ಮಲೊಂಡ ನೀರಿನ ಬೋಗುಣಿ ಹಿಡಿದು ದಾರಿ ಬಿಟ್ಟಳು. "ಬನ್ನಿ ಅತ್ತಿಗೆ."

ಫೆಂಬಾ ಪೆಟ್ಟಿಗೆಯ ಮೇಲೆ ಬಗ್ಗಿದಳು. ಅವಳ ಕಣ್ಣಲ್ಲಿ ಇದ್ದದ್ದು ಚಿಗುರು ಮೀಸೆಯ ಹುಡುಗ.

"ಅಯ್ಯೋ, ನಮ್ಮವ್ವನ ಹಾಗೇ ಆಗಿದ್ದಾನಲ್ಲೇ," ಎಂದಳು. "ಅದೇ ಹಣೆ. ಅದೇ ಬಾಯಿ. ಅವ್ವನೇ ಇಲ್ಲಿ ಓಡಾಡ್ಕೊಂಡಿದ್ಲು, ನನಗೆ ಗೊತ್ತೇ ಆಗಲಿಲ್ಲ."

ಬಟ್ಟೆ ಅದ್ದಿ ಹಣೆಯಿಂದ ತೊಳೆಯತೊಡಗಿದಳು. ಹುಬ್ಬು, ಕಣ್ಣ ಮೂಲೆ, ಕಿವಿಯ ಹಿಂದೆ. ಮುಗಿದ ಮೇಲೆ ಮತ್ತೆ ಹಣೆಯಿಂದ ಶುರು ಮಾಡಿದಳು.

"ಅಕ್ಕ, ಮುಚ್ಚಳ ತರ್ಲಾ?" ಎಂದ ಪುವಾತಿ ಮೆಲ್ಲಗೆ.

"ತಾಳು. ನಾನಿನ್ನೂ ನೋಡಿಲ್ಲ."

ಪುವಾತಿ ಮೊಳೆಗಳನ್ನು ಜೇಬಿಗೆ ಹಾಕಿಕೊಂಡು, ಸುತ್ತಿಗೆ ಕೆಳಗಿಟ್ಟು, ಹೊಸ್ತಿಲ ಮೇಲೆ ಕೂತು ಕಡಲೆಕಾಯಿ ಸುಲಿಯತೊಡಗಿದ.