ಎರಡನೆಯ ಬ್ರೇಕು

ಡ್ರೈವಿಂಗ್ ಶಾಲೆಯ ಕಾರಿಗೆ ಎರಡು ಬ್ರೇಕು. ಒಂದು ಕಲಿಯುವವರ ಕಾಲಡಿ, ಇನ್ನೊಂದು ಪಕ್ಕದಲ್ಲಿ ಕೂತು ಕಲಿಸುವವರ ಕಾಲಡಿ. ಕಲಿಸುವ ಈ ಅಮ್ಮ ಎರಡನೆಯ ಬ್ರೇಕಿನ ಮೇಲಿಂದ ಕಾಲು ತೆಗೆದವಳೇ ಅಲ್ಲ. ಮನೆಗೆ ಬಂದರೂ ಅದೇ ಕಾಲು. ಗಂಡ ಬಾಯಿ ತೆರೆದರೆ ಬ್ರೇಕು, ಮಗಳು ಬಾಗಿಲು ತೆರೆದರೆ ಬ್ರೇಕು.

ಆ ಮಗಳು, ಹದಿನಾರರ ಹುಡುಗಿ, ಒಂದು ದಿನ ತಾನೇ ನಿಂತುಬಿಟ್ಟಳು. ಶಾಲೆ ಬೇಡ, ಊಟ ಬೇಡ, ಗೋಡೆಗೆ ಮುಖ ಮಾಡಿ ಮಲಗಿದ್ದೇ ಮಲಗಿದ್ದು. ಸೋಮಾರಿತನ ಎಂದ ನೆಂಟರ ಬಾಯಿಗೆ ಬೀಗ ಜಡಿದಂತೆ ಡಾಕ್ಟರು ಅದು ಖಿನ್ನತೆ ಎಂದು ಹೇಳಿ, ಕೌನ್ಸೆಲರ್ ಬಳಿ ಕಳಿಸಿದರು. ವಾರಕ್ಕೊಂದು ಭೇಟಿ.

ಅಲ್ಲಿಯವರೆಗೆ ಸರಿ. ಆದರೆ ಕೌನ್ಸೆಲರ್ ಇಂಥದೇ ಕಷ್ಟದ ಮಕ್ಕಳನ್ನೆಲ್ಲ ಕೂಡಿಸಿ ಮೊಬೈಲಿನಲ್ಲಿ ಒಂದು ಗುಂಪು ಕಟ್ಟಿದ್ದಳು. ಮಗಳನ್ನೂ ಅದಕ್ಕೆ ಸೇರಿಸಿದಾಗ ಅಮ್ಮ ನೇರ ಹೋಗಿ ಜಗಳ ತೆಗೆದಳು.

"ಅಲ್ಲಾ ಮೇಡಂ, ಈಜು ಬಾರದವರನ್ನೆಲ್ಲ ಒಂದೇ ಬಾವಿಗೆ ತಳ್ಳಿದ ಹಾಗಾಯ್ತಲ್ಲ ಇದು!"

"ಹಗ್ಗ ಹಿಡ್ಕೊಂಡು ಬಾವಿಕಟ್ಟೆ ಮೇಲೆ ನಾನು ನಿಂತಿದೀನಿ," ಎಂದಳು ಕೌನ್ಸೆಲರ್. "ಗುಂಪಲ್ಲಿ ಏನೇ ಬರೆದ್ರೂ ನಾನು ಓದ್ತೀನಿ. ಚಿಕಿತ್ಸೆ ಇಲ್ಲೇ, ನನ್ನ ಹತ್ತಿರಾನೇ. ಆದ್ರೆ ನಾನು ಸಿಗೋದು ವಾರಕ್ಕೆ ಒಂದು ಗಂಟೆ. ಮಿಕ್ಕ ಹೊತ್ತು ಅವಳು ಯಾರ ಹತ್ರ ಮಾತಾಡ್ಬೇಕು? ನಿಮ್ಮ ಹತ್ರಾನಾ?"

ಅಮ್ಮನಿಗೆ ಮೈಯೆಲ್ಲ ಉರಿಯಿತು. ಚೀಲ ಎತ್ತಿಕೊಂಡು ದಡದಡ ಹೊರಬಂದಳು.

ಮಗಳು ಚೇತರಿಸಿಕೊಂಡದ್ದು ನಿಜ. ತಲೆ ಬಾಚಿಕೊಂಡಳು, ಕಿಟಕಿ ತೆರೆದಳು. ಅಷ್ಟರಲ್ಲಿ ಏನಾಯಿತೋ, ಕೌನ್ಸೆಲರ್ ಬಳಿ ಇನ್ನು ಹೋಗುವುದಿಲ್ಲ ಎಂದು ಹಟ ಹಿಡಿದಳು. ಹೋದ ವಾರ ತಪ್ಪಿಸಿದಳು. ನಾಳೆಯದೂ ಬೇಡವಂತೆ. ಯಾಕೆ ಎಂದರೆ ಬಾಯಿ ಬಿಡಳು. ಈಗ ಕೈಬಿಟ್ಟರೆ ಮತ್ತೆ ಆ ಗೋಡೆಯೇ ಗತಿ ಎಂದು ಅಮ್ಮ ಹೆದರಿದಳು.

ಅಂದು ಸಂಜೆ ಮಗಳು ಸ್ನಾನಕ್ಕೆ ಹೋದಾಗ ಹಾಸಿಗೆಯ ಮೇಲಿದ್ದ ಫೋನು ಗುಂಯ್‌ಗುಟ್ಟಿತು. "ಗೂಬೆ, ನಿನ್ನೆಯಿಂದ ಸದ್ದೇ ಇಲ್ಲ. ಎಲ್ಲಿದೀಯಾ?" ಎಂದು ಆ ಗುಂಪಿನಲ್ಲಿ ಬಸವನಹುಳು ಎಂಬ ಅಡ್ಡಹೆಸರಿನ ಯಾರೋ ಬರೆದಿದ್ದರು. ಗೂಬೆ ಎಂದರೆ ತನ್ನ ಚಿನ್ನದಂಥ ಮಗಳೇ ಎಂದು ಹೊಳೆದದ್ದೇ ತಡ, ಅಮ್ಮ ಕೂತು ಮಗಳೇ ಬರೆದಂತೆ ಉತ್ತರ ಒತ್ತತೊಡಗಿದಳು.

"ನಾನು ಚೆನ್ನಾಗಿದ್ದೇನೆ. ನೀವೆಲ್ಲರೂ ಬೆಳಗ್ಗೆ ಬೇಗ ಎದ್ದು ವ್ಯಾಯಾಮ ಮಾಡಿ. ಮೊಬೈಲ್ ನೋಡುವುದನ್ನು ಕಡಿಮೆ ಮಾಡಿ. ಕೌನ್ಸೆಲರ್ ಬಳಿ ತಪ್ಪದೇ ಹೋಗಿ."

 ಬಸವನಹುಳುವಿನಿಂದ ಉತ್ತರ ಬಂತು.

"ನಮಸ್ಕಾರ ಆಂಟಿ."

 "ನಾನು ಆಂಟಿ ಅಲ್ಲ" ಎಂದು ಅಮ್ಮ ಬರೆದಳು.

"ಗೂಬೆ ಯಾವತ್ತೂ ಚೆನ್ನಾಗಿದೀನಿ ಅನ್ನಲ್ಲ ಆಂಟಿ. ಇಲ್ಲಿ ಯಾರೂ ಅನ್ನಲ್ಲ. ಮೊದಲು ಹೇಳಿ, ಅವಳು ಹುಷಾರಾಗಿದಾಳಾ?"

"ಸ್ನಾನ ಮಾಡ್ತಿದಾಳೆ."

"ಸ್ನಾನನಾ! ಭೇಷ್ ಗೂಬೆ!" ಎಂದು ಒಬ್ಬರ ಹಿಂದೊಬ್ಬರು ಚಪ್ಪಾಳೆಯ ಚಿತ್ರ ಹಾಕಿದರು. ಹರಕುಚಪ್ಪಲಿ ಎಂಬ ಹೆಸರಿನವನು ಬರೆದ: "ಆಂಟಿ, ಇಲ್ಲಿ ಬುದ್ಧಿ ಹೇಳೋ ಹಾಗಿಲ್ಲ. ಹೇಳಿದವರಿಗೆ ದಂಡ. ಇವತ್ತಿನ ನಿಮ್ಮದೇ ಒಂದು ನಿಜ ಹೇಳ್ಬೇಕು."

ಅದರ ಕೆಳಗೆ ಕೌನ್ಸೆಲರ್: "ನಿಯಮ ಎಲ್ಲರಿಗೂ ಒಂದೇ. ದಂಡ ಕಟ್ಟಿ, ಫೋನು ಮಗಳಿಗೆ ಕೊಟ್ಟು ಹೊರಡಿ ಅಮ್ಮ."

ತಿರುಗಿ ನೋಡಿದರೆ ಒದ್ದೆ ತಲೆಯ ಮಗಳು ಬಾಗಿಲಲ್ಲಿ ನಿಂತಿದ್ದಳು.

"ಅಲ್ಲಿಗೂ ಬಂದ್ಯಾ ಅಮ್ಮ?" ಎಂದಳು. "ಕೌನ್ಸೆಲಿಂಗ್ ಮುಗಿಸಿ ಕಾರು ಹತ್ತಿದ್ರೆ ದಾರಿಯುದ್ದಕ್ಕೂ ನಿಂದೇ ವಿಚಾರಣೆ. ಏನ್ ಕೇಳಿದ್ಲು, ನೀನೇನ್ ಹೇಳ್ದೆ, ನನ್ನ ಬಗ್ಗೆ ಏನಾದ್ರೂ ಹೇಳಿದ್ಯಾ... ಅದಕ್ಕೇ ನಾನು ಹೋಗಲ್ಲ ಅಂದಿದ್ದು! ಇದೊಂದು ಜಾಗ ಉಳ್ದಿತ್ತು. ಇದೂ ಹೋಯ್ತು."

ಫೋನು ಹಿಡಿದಿದ್ದ ಅಮ್ಮನನ್ನು ಹಾಗೇ ಹೊರಗೆ ತಳ್ಳಿದಳು. ಕೋಣೆಯ ಬಾಗಿಲು ಅಮ್ಮನ ಮೂಗಿನ ಮುಂದೆಯೇ ಧಡಾರನೆ ಮುಚ್ಚಿತು.

ಹೊರಗೆ ನಿಂತ ಅಮ್ಮನಿಗೆ ಬಾಗಿಲು ಒಡೆಯುವಷ್ಟು ಸಿಟ್ಟು ಬಂತು. ಸಿಟ್ಟು ಯಾರ ಮೇಲೆ ಎಂದು ಹುಡುಕಿದರೆ ಕೈಗೆ ಸಿಕ್ಕವಳು ತಾನೇ. ಫೋನಿನಲ್ಲಿ ಮಕ್ಕಳು ಇನ್ನೂ ಕಾಯುತ್ತಿದ್ದರು. ಅವಳು ಬರೆದಳು: "ಇವತ್ತು ಪಾಠದ ನಡುವೆ ಕಾರು ಬದಿಗೆ ನಿಲ್ಲಿಸಿ ಅತ್ತುಬಿಟ್ಟೆ. ಮಗಳು ಮತ್ತೆ ಮಲಗಿಬಿಡ್ತಾಳೆ ಅಂತ ಭಯ." ಫೋನನ್ನು ಬಾಗಿಲ ಬುಡದಲ್ಲಿಟ್ಟು ಅಡುಗೆಮನೆಗೆ ಹೋದಳು. ಹೋಗುವಾಗ ತಿರುಗಿ ನೋಡಬೇಕೆನಿಸಿತು. ನೋಡಲಿಲ್ಲ.

ಅಮ್ಮ ಪಾತ್ರೆ ಉಜ್ಜಿ ಉಜ್ಜಿ ಸವೆಸುತ್ತಿದ್ದಾಗ ಮಗಳು ಬಂದು ನಿಂತಳು.

"ನಿಜವಾಗ್ಲೂ ಅತ್ಯಾ?"

"ಹೂಂ ಕಣೇ. ಪಕ್ಕದಲ್ಲಿ ಕಲಿಯೋಕೆ ಬರೋ ಬ್ಯಾಂಕ್ ಮ್ಯಾನೇಜರು. ಗಾಬರಿಯಾಗಿ, 'ನಾನು ಅಷ್ಟೊಂದು ಕೆಟ್ಟದಾಗಿ ಓಡಿಸ್ತೀನಾ ಮೇಡಂ?' ಅಂದ."

"ನೀನೇನಂದೆ?"

"ಹೌದು ಅಂದೆ."

ಮಗಳ ತುಟಿಯ ಮೂಲೆ ಅಲುಗಿತು. ಕಾರಿನ ವಿಚಾರಣೆಯ ಕಥೆಯನ್ನು ಅವಳು ಗುಂಪಿಗೆ ಹೇಳಿದ್ದಳು. ಫೋನು ಮುಂದೆ ಹಿಡಿದಳು. ಹರಕುಚಪ್ಪಲಿ ಬರೆದಿದ್ದ: "ನಮ್ಮಮ್ಮನೂ ಹಿಂಗೇ. ನಾನೂ ಕೌನ್ಸೆಲಿಂಗ್ ಬಿಟ್ಟಿದ್ದೆ. ಆಮೇಲೆ ಮತ್ತೆ ಹೋಗಿ, ಮನೆಗೆ ವಾಪಸ್ ಬರೋವಾಗ ಕಿವಿಗೆ ಹತ್ತಿ ಇಟ್ಕೊಂಡು ಬಂದೆ."

"ನಾಳೆ ಬರ್ತೀನಿ," ಎಂದಳು ಮಗಳು. "ಹತ್ತಿ ಎಲ್ಲ ಬೇಡ. ನೀನು ಸುಮ್ನಿದ್ರೆ ಸಾಕು."

"ತುಟಿ ಹೊಲ್ಕೋತೀನಿ, ಹೋಗೇ."

ಮರುದಿನ ಮಗಳು ಕೌನ್ಸೆಲರ್ ಕೋಣೆಯಿಂದ ಹೊರಬಂದಾಗ ಕಣ್ಣು ಕೆಂಪಾಗಿತ್ತು, ಬೆನ್ನು ನೆಟ್ಟಗಿತ್ತು. ಡ್ರೈವಿಂಗ್ ಶಾಲೆಯ ಕಾರಿನಲ್ಲಿ ಅಮ್ಮನ ಪಕ್ಕ ಕೂತಳು. ಅಮ್ಮ ಕಾರು ಹೊರಡಿಸಿದಳು. ನಾಲಿಗೆಯ ತುದಿಯಲ್ಲಿ ಪ್ರಶ್ನೆಗಳ ಜಾತ್ರೆ ನೆರೆದಿತ್ತು. ಗೇಟಿನವರೆಗೆ ತಡೆದಳು.

"ಅಲ್ಲ, ನಾನೇನೂ ಕೇಳ್ತಿಲ್ಲಪ್ಪ... ಸುಮ್ನೆ... ಒಳಗೆ ಏನು..."

ಕಾರು ಗಕ್ಕನೆ ನಿಂತಿತು. ಅಮ್ಮ ಕೆಳಗೆ ನೋಡಿದಳು. ಎರಡನೆಯ ಬ್ರೇಕಿನ ಮೇಲೆ ಮಗಳ ಚಪ್ಪಲಿ ಕಾಲು.

"ಎಂಜಿನ್ ಆಫ್ ಆಯ್ತಲ್ಲೇ, ಕತ್ತೆ!"

"ಪ್ರಶ್ನೆ ಅಡ್ಡ ಬಂತು. ತುಳಿದೆ," ಎಂದ ಮಗಳು ನಕ್ಕಳು. ಹಲ್ಲು ಕಾಣುವ ಹಾಗೆ ನಕ್ಕಳು. ಹಿಂದಿನ ಗಾಡಿಯವನು ಹಾರ್ನ್ ಬಾರಿಸುತ್ತಲೇ ಇದ್ದ.

"ಮುಂದಿನ ವಾರಾನೂ ಇಲ್ಲೇ ಕೂರ್ತೀನಿ," ಎಂದು ಅವಳು ಹೇಳಿದಳು. ಕಾಲು ಅಲ್ಲಿಂದ ತೆಗೆಯಲಿಲ್ಲ.

ಅಮ್ಮ ಬಾಯಿ ಮುಚ್ಚಿಕೊಂಡು ಗೇರು ಹಾಕಿದಳು.