ಎತ್ತುವುದು ಬೇರೆ, ಹೊರುವುದು ಬೇರೆ

ಟಕ್!

ಹಳೆಯ ಕಾರಿನ ಹಿಂಬದಿಯಿಂದ ಆ ಸದ್ದು ಮತ್ತೆ ಬಂತು. ಚಕ್ರ ಸಣ್ಣ ಗುಂಡಿಗೆ ಇಳಿದರೆ ಸಾಕು, ಹಿಂದಿನ ಸೀಟಿನಲ್ಲಿದ್ದ ಅಮ್ಮ ಗೇಣುದ್ದ ಮೇಲೆ ಹಾರಿ ಕೆಳಗೆ ಕೂರುತ್ತಿದ್ದರು.

"ಏನೋ, ನನ್ನನ್ನ ಮೊರಕ್ಕೆ ಹಾಕಿ ಕೇರ್ತಿದೀಯಾ?" ಎಂದರು ಅಮ್ಮ. "ಕಲ್ಲು ಬೇರೆ ಕಾಳು ಬೇರೆ ಆದ್ಮೇಲೆ ಹೇಳಪ್ಪ, ಇಳೀತೀನಿ."

ಕಾರು ಓಡಿಸುತ್ತಿದ್ದ ಮಗ ನಗಲಿಲ್ಲ. ಅವನು ಮನೆ ಕಟ್ಟುವವನು. ಬೀದಿಯವರ ಬಾಯಲ್ಲಿ ಮೇಸ್ತ್ರಿ. ಸೋಮವಾರ ಅಮ್ಮನ ಕಣ್ಣಿನ ಆಪರೇಷನ್. ವಾಪಸ್ ಕರೆದೊಯ್ಯುವಾಗ ಕುಲುಕಾಟ ಆಗಕೂಡದೆಂದು ಡಾಕ್ಟರು ಈಗಷ್ಟೇ ಎಚ್ಚರಿಸಿ ಕಳಿಸಿದ್ದರು. ಈ ಕಾರಿನಲ್ಲಿ ಅದು ಹೇಗೆ ಸಾಧ್ಯ?

ಭಾನುವಾರ ಬೆಳಿಗ್ಗೆ ಅವನು ಹೊಸ ಶಾಕ್ ಅಬ್ಸಾರ್ಬರ್ ಜೋಡಿಯನ್ನು ಹಿಡಿದು ಅಂಗಳಕ್ಕಿಳಿದ. ಗುಂಡಿ ದಾಟಿದ ಮೇಲೆ ಸ್ಪ್ರಿಂಗು ಕುಣಿಯುತ್ತಲೇ ಇರದಂತೆ ತಡೆಯುವ ಕೊಳವೆಗಳು ಅವು. ಜಾಕ್ ಹಾಕಿ ಕಾರಿನ ಹಿಂಬದಿಯನ್ನು ಎತ್ತಿದ, ಒಂದು ಚಕ್ರ ಬಿಚ್ಚಿದ. ಕೆಲಸದ ಜಾಗದಿಂದ ತಂದಿದ್ದ ಟೊಳ್ಳು ಸಿಮೆಂಟ್ ಬ್ಲಾಕುಗಳನ್ನು ಒಂದರ ಮೇಲೊಂದು ಪೇರಿಸಿ, ಅವುಗಳ ಮೇಲೆ ಕಾರನ್ನು ಇಳಿಸಿ, ಜಾಕನ್ನು ಪಕ್ಕಕ್ಕಿಟ್ಟ.

ಬಾಗಿಲಲ್ಲಿ ನಿಂತಿದ್ದ ಹೆಂಡತಿಗೆ ಏಕೋ ಅಳುಕು. "ರೀ, ಆ ಕಲ್ಲಿನ ಮೇಲೆ ಕಾರು ನಿಲ್ಲುತ್ತಾ?"

"ಇಡೀ ಮನೇನೇ ಹೊರೋ ಕಲ್ಲು ಕಣೆ ಇದು. ಈ ಡಬ್ಬ ಯಾವ ಲೆಕ್ಕ?"

ಹಠಕ್ಕೆ ಬಿದ್ದ ಗಂಡನೊಡನೆ ವಾದಿಸುವುದಕ್ಕಿಂತ ಅವನ ಅಕ್ಕನಿಗೆ ಫೋನ್ ಮಾಡುವುದು ಲೇಸೆಂದು ಅವಳು ಬಲ್ಲಳು. ಒಳಗೆ ಹೋಗಿ ಅದನ್ನೇ ಮಾಡಿದಳು. ಅಕ್ಕ ಬಸ್ ಡಿಪೋದ ವರ್ಕ್‌ಶಾಪಿನಲ್ಲಿ ಫಿಟ್ಟರ್. ಅವಳ ಮನೆ ಹಿಂದಿನ ಬೀದಿಯಲ್ಲೇ.

ಮೇಸ್ತ್ರಿ ಚಾಪೆ ಹಾಸಿ, ಅಂಗಾತ ಮಲಗಿ, ಸೊಂಟದವರೆಗೆ ಕಾರಿನ ಕೆಳಗೆ ಸರಿದಿದ್ದ. ಹೊರಗೆ ಉಳಿದದ್ದು ಎರಡು ಕಾಲು ಮಾತ್ರ.

"ಯಾರದೋ ಈ ಕಾಲು?"

"ಅಕ್ಕಾ? ನೀನ್ಯಾಕೆ ಬಂದೆ?"

"ಎಣಿಸೋಕೆ ಬಂದೆ. ಎರಡೂ ಇದಾವೆ. ಇರೋವಾಗ್ಲೇ ಹೊರಗೆ ಬಾ."

"ಇದೊಂದು ಬೋಲ್ಟು ಬಿಚ್ಚಿ ಬಂದೆ, ಇರು. ತುಕ್ಕು ಹಿಡಿದು ಕೂತಿದೆ, ಮುಂಡೇದು."

"ಬೋಲ್ಟೇನು ಓಡಿ ಹೋಗಲ್ಲ. ಬಾ ಅಂದ್ನಲ್ಲ!"

ಚಿಕ್ಕಂದಿನಲ್ಲಿ ಮರದ ಮೇಲಿಂದ ಇಳಿಸುತ್ತಿದ್ದ ಅದೇ ದನಿ. ಮೇಸ್ತ್ರಿ ಗೊಣಗುತ್ತ ಹೊರಬಂದ. ಅವನು ಬಿಚ್ಚಿಟ್ಟಿದ್ದ ಚಕ್ರವನ್ನು ಅಕ್ಕ ಅಡ್ಡ ಮಲಗಿಸಿ, ಕಾಲಿನಿಂದ ಕಾರಿನ ಬಾಗಿಲಂಚಿನ ಅಡಿಗೆ ತಳ್ಳಿದಳು.

"ಕೆಳಗೆ ನುಗ್ಗೋ ಮುಂಚೆ ಗಾಡಿನ ಅಲ್ಲಾಡಿಸಿ ನೋಡಿದ್ಯಾ?"

"ಅಲ್ಲಾಡಿಸಿದ್ರೆ ಬೀಳಲ್ವಾ..." ಎಂದವನು ಅಲ್ಲಿಗೇ ನಿಲ್ಲಿಸಿದ.

"ನೀನೇ ಹೇಳ್ದೆ. ಈಗ ಪಕ್ಕಕ್ಕೆ ನಿಂತು ತಳ್ಳು."

ತಳ್ಳಿದ. ಏನೂ ಆಗಲಿಲ್ಲ. ಅವನ ಮೀಸೆಯ ಅಂಚಿನಲ್ಲಿ ನಗು ಮೂಡಿತು. "ನೋಡಿದ್ಯಾ?"

"ತುಕ್ಕು ಹಿಡಿದ ಬೋಲ್ಟನ್ನ ಜಗ್ಗೋ ಹಾಗೆ ತಳ್ಳೋ. ಮಗು ತೊಟ್ಟಿಲು ತೂಗ್ತಿದೀಯಾ?"

ಈ ಸಲ ಭುಜ ಕೊಟ್ಟು ತಳ್ಳಿದ. ಮೇಲಿನ ಬ್ಲಾಕಿನ ಮೈಮೇಲೆ ಕೂದಲೆಳೆಯಷ್ಟು ಗೆರೆ ಕಾಣಿಸಿತು. ಮರುಕ್ಷಣ ಚಟ್ಟೆಂಬ ಸದ್ದು. ಬ್ಲಾಕು ಪುಡಿಯಾಗಿ, ಕಾರು ಧೊಪ್ಪನೆ ಕುಸಿದು ಅಡಿಯಲ್ಲಿದ್ದ ಚಕ್ರದ ಮೇಲೆ ಕೂತಿತು. ಬಿಳಿ ಧೂಳು ಎದ್ದಿತು.

ಧೂಳು ಅಡಗಿದಾಗ ಚಾಪೆ ಕಂಡಿತು. ಅವನ ಎದೆಯಿದ್ದ ಜಾಗದಲ್ಲಿ ಬ್ಲಾಕಿನ ಚೂಪು ತುಂಡು ನೆಟ್ಟು, ಚಾಪೆ ಅಡ್ಡಡ್ಡ ಹರಿದಿತ್ತು.

ಒಳಗಿನಿಂದ ಅಮ್ಮನ ಕೂಗು: "ಏನೋ ಅದು ಬಿದ್ದಿದ್ದು?"

"ಕಲ್ಲಮ್ಮಾ," ಎಂದ ಮೇಸ್ತ್ರಿ.

ಚಾಪೆಯನ್ನು ಹೊರಗೆಳೆದು ಆ ತುಂಡನ್ನು ಕಿತ್ತು ಕೈಗೆತ್ತಿಕೊಂಡ. ಅಕ್ಕ ಮೆಲ್ಲಗೆ ಕೇಳಿದಳು: "ಗೋಡೆ ಮೇಲೆ ತೊಲೆ ಕೂರಿಸೋವಾಗ ಅಡಿಗೆ ಅಗಲದ ಕಲ್ಲು ಯಾಕೆ ಇಡಿಸ್ತೀಯೋ?"

"ಭಾರ ಹರಡ್ಲಿ ಅಂತ. ಒಂದೇ ಕಡೆ ಒತ್ತಿದ್ರೆ ಬ್ಲಾಕು ಸೀಳುತ್ತೆ." ಅವನೇ ಮುಂದುವರಿಸಿದ: "ದಿನಾ ಕೆಲಸದವರಿಗೆ ಹೇಳ್ತೀನಿ ಅಕ್ಕ. ನನ್ನ ಎದೆ ಮೇಲೆ ಇಟ್ಕೊಳೋವಾಗ ಮರೆತೆ."

"ಅವಸರ ಕಣೋ. ಅಮ್ಮನ ಕಣ್ಣಿನ ಚಿಂತೇಲಿ ನಿನ್ನ ಕಣ್ಣು ಮುಚ್ಚಿತ್ತು. ನೀನೇ ಇಲ್ದೆ ಹೋದ್ರೆ ಅಮ್ಮ ಆ ಕಣ್ಣಲ್ಲಿ ಏನು ನೋಡ್ಬೇಕು?"

ಅಕ್ಕ ತನ್ನ ಮನೆಯಿಂದ ಕಬ್ಬಿಣದ ಜಾಕ್ ಸ್ಟ್ಯಾಂಡುಗಳನ್ನು ತಂದಳು. "ಜಾಕು ಎತ್ತೋಕೆ, ಸ್ಟ್ಯಾಂಡು ಹೊರೋಕೆ. ಒಂದರ ಕೆಲಸ ಇನ್ನೊಂದಕ್ಕೆ ಹೇಳ್ಬೇಡ." ನೆಲ ಸಮತಟ್ಟಾಗಿದೆಯೇ ನೋಡಿದಳು, ಮುಂದಿನ ಚಕ್ರಗಳಿಗೆ ಹಿಂದೆ ಮುಂದೆ ಮರದ ತುಂಡು ಒತ್ತಿಸಿದಳು. ಕಾರನ್ನು ಮತ್ತೆ ಜಾಕಿನಿಂದ ಎತ್ತಿ, ಸ್ಟ್ಯಾಂಡಿನ ಮೇಲೆ ಇಳಿಸಿ, ಜೋರಾಗಿ ಅಲ್ಲಾಡಿಸಿದಳು. ಕದಲಲಿಲ್ಲ. ಬೋಲ್ಟು ಬಿಚ್ಚಿದೊಡನೆ ಎರಡು ಚಕ್ರಗಳನ್ನು ಜೋಡಿಸುವ ಆಕ್ಸಲ್ ಕೆಳಗೆ ಜಾರದಂತೆ, ಅದರ ಅಡಿಗೆ ಜಾಕನ್ನು ಒತ್ತಾಗಿ ನಿಲ್ಲಿಸಿದ ಮೇಲೆಯೇ ಸ್ಪ್ಯಾನರನ್ನು ತಮ್ಮನ ಕೈಗೆ ಕೊಟ್ಟಳು.

ಎಣ್ಣೆ ಸೋರಿದ ಹಳೆಯ ಕೊಳವೆ ಕಳಚಿ ಹೊಸದು ಕೂತಿತು. ಮೇಸ್ತ್ರಿ ಎದ್ದು ಕೈ ಒರೆಸಿಕೊಂಡ. "ಆ ಕಡೇದು ಇನ್ನೂ ಸೋರ್ತಿಲ್ಲ. ಆಮೇಲೆ ನೋಡೋಣ."

"ಒಂದು ಕಾಲಿಗೆ ಹೊಸ ಚಪ್ಪಲಿ, ಇನ್ನೊಂದಕ್ಕೆ ಸವೆದದ್ದು ಹಾಕ್ಕೊಂಡು ನಡೀತೀಯಾ? ತಿರುವಲ್ಲಿ ಕಾರು ಒಂದು ಕಡೆ ಎಳೆಯುತ್ತೆ. ಬದಲಾಯಿಸಿದ್ರೆ ಜೋಡಿ."

"ಹಾಗಾದ್ರೆ ಮುಂದಿನ ಚಕ್ರದ್ದೂ ಈಗ್ಲೇ ಬಿಚ್ಚೋಣ?" ಮೇಸ್ತ್ರಿಗೆ ಹುರುಪು ಬಂದಿತ್ತು.

"ಅದಕ್ಕೆ ಕೈ ಹಾಕ್ಬೇಡ! ಅಲ್ಲಿ ಸ್ಪ್ರಿಂಗನ್ನ ಅದುಮಿ ಕೂರಿಸಿರ್ತಾರೆ. ಮೇಲಿನ ನಟ್ಟು ಬಿಚ್ಚಿದ್ರೆ ಗುಂಡಿನ ಹಾಗೆ ಹಾರುತ್ತೆ. ಅದು ವರ್ಕ್‌ಶಾಪಿನವರ ಕೆಲಸ."

ಆ ಕಡೆಯದನ್ನೂ ಬದಲಾಯಿಸಿ, ಚಕ್ರಗಳು ನೆಲ ಮುಟ್ಟಿ ಕಾರಿನ ಭಾರ ಹೊತ್ತ ಮೇಲೆ, ಅದುರು ತಡೆಯುವ ರಬ್ಬರ್ ಬಳೆ, ಅಂದರೆ ಬುಷ್, ಇರುವ ಬೋಲ್ಟುಗಳನ್ನು ಕೊನೆಯ ಬಾರಿ ಬಿಗಿ ಮಾಡಿಸಿದಳು. ಚಕ್ರ ಗಾಳಿಯಲ್ಲಿ ತೂಗುವಾಗಲೇ ಬಿಗಿದರೆ ರಬ್ಬರ್ ತಿರುಚಿ ಬೇಗ ಹರಿಯುತ್ತದೆ. ಆಮೇಲೆ ಇಬ್ಬರೂ ಬೀದಿಯ ತುದಿಯವರೆಗೆ ನಿಧಾನವಾಗಿ ಓಡಿಸಿ, ಬ್ರೇಕು ಹಿಡಿದು ನೋಡಿ ಬಂದರು.

ಸೋಮವಾರ ಆಪರೇಷನ್ ಮುಗಿಸಿ ಮರಳುವಾಗ ಅಮ್ಮ ಕಣ್ಣಿಗೆ ಪಟ್ಟಿ ಕಟ್ಟಿಕೊಂಡು ಹಿಂದೆ ಕೂತಿದ್ದರು. ಗುಂಡಿ ಬಂತು, ಹೋಯಿತು.

"ಮೊರ ಎಲ್ಲಿಟ್ಯೋ?" ಎಂದರು.

ಪಟ್ಟಿ ತೆಗೆದ ದಿನ ಅಮ್ಮನ ಹೊಸ ನೋಟಕ್ಕೆ ಮೊದಲು ಬಿದ್ದದ್ದು ಅಂಗಳದ ಗೋಡೆಗೆ ತೂಗುಹಾಕಿದ್ದ ಹರಕು ಚಾಪೆ. "ಇದನ್ಯಾಕೋ ಇಟ್ಕೊಂಡಿದೀಯ? ಎಸಿ ಆಚೆ."

"ಇರ್ಲಿ ಬಿಡಮ್ಮ," ಎಂದ ಮೇಸ್ತ್ರಿ. "ಜಾಕ್ ತೆಗೆಯೋವಾಗೆಲ್ಲ ನಾನು ಅದನ್ನ ನೋಡ್ಬೇಕು."

ನಿಮ್ಮ ಮನೆಯ ಮುಂದೆಯೂ ಹಳೆಯ ಕಾರು ನಿಂತಿದ್ದರೆ, ಇಂದೇ ಅದರ ಒಂದು ಮೂಲೆಯನ್ನು ಬಲವಾಗಿ ಒತ್ತಿ ಬಿಡಿ. ಒಮ್ಮೆ ಎದ್ದು ಸುಮ್ಮನಾದರೆ ಸರಿ. ಕುಣಿಯುತ್ತಲೇ ಇದ್ದರೆ ಅದು ನಿಮ್ಮ ಗಮನ ಕೇಳುತ್ತಿದೆ. ಸವೆದ ಭಾಗವನ್ನು ಬದಲಾಯಿಸಿ, ಜೋಡಿಯಾಗಿ ಬದಲಾಯಿಸಿ. ಆದರೆ ಜಾಕನ್ನೇ ನಂಬಿ, ಕಲ್ಲು ಇಟ್ಟಿಗೆಗಳನ್ನು ನಂಬಿ, ಕಾರಿನ ಕೆಳಗೆ ಎಂದೂ ಮಲಗಬೇಡಿ. ಸ್ಟ್ಯಾಂಡ್ ಇಡಿ, ಬಿಚ್ಚಿದ ಚಕ್ರವನ್ನು ಕಾರಿನ ಅಡಿಗೆ ತಳ್ಳಿ, ಅಲ್ಲಾಡಿಸಿ ನೋಡಿ. ಸ್ಟ್ಯಾಂಡ್ ಇಲ್ಲವೇ? ತಿಳಿದವರಿಂದ ಕೇಳಿ ತನ್ನಿ. ಅಷ್ಟು ಹೊತ್ತು ಆ ಬೋಲ್ಟು ಎಲ್ಲಿಗೂ ಓಡಿ ಹೋಗುವುದಿಲ್ಲ.